ತೆಂಬೆಲರು ಅದಾರನ್ರಿ?

ನಮ್ಮ ಚಿಕ್ಕಪ್ಪನಷ್ಟು ಗಾಳಿಯನ್ನು ನಂಬಿದ ಮನುಷ್ಯ ಕೂಡ್ಲಿಗಿ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ! ಹೊಟ್ಟೆಪಾಡಿಗೆ ಫ್ಯಾನಿನ ಅಂಗಡಿ. ಅಂಗಡಿಗೆ ಹೆಸರಿಡುವಾಗ ಎಲ್ಲರೂ ಮನೆದೇವರನ್ನು ನೆನೆದರೆ, ಇವರು ಹೈಸ್ಕೂಲಿನ ಹಳಗನ್ನಡ ಪಾಠ ನೆನೆದರು. ಬೋರ್ಡಿನ ಮೇಲೆ ದಪ್ಪಗೆ ಬರೆಸಿದರು: ‘ತೆಂಬೆಲರು’.

ಕೊನೆಗೆ ‘ರು’ ಇದೆಯಲ್ಲ, ಅದೇ ಎಡವಟ್ಟಾಯಿತು. ಮೊದಲ ದಿನವೇ ಕೊಟ್ಟೂರು ಕಡೆಯ ಯಜಮಾನರೊಬ್ಬರು ಚಪ್ಪಲಿ ಬಿಟ್ಟು ಒಳಬಂದು ಕೈಮುಗಿದರು.

“ತೆಂಬೆಲರು ಅದಾರನ್ರಿ?”

“ಅದು ಮನುಷ್ಯಾರಲ್ರಿ, ಗಾಳಿ!”

“ಅಯ್ಯೋ ಶಿವನ! ಯಾವಾಗ ತೀರ್ಕೊಂಡ್ರು?”

ಚಿಕ್ಕಪ್ಪ ಬಿಟ್ಟಾರೆಯೇ! ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಶುರುಮಾಡಿದರು: “ತೆಂಕು ಅಂದ್ರ ದಕ್ಷಿಣ. ಎಲರು ಅಂದ್ರ ಗಾಳಿ. ದಕ್ಷಿಣದಿಂದ ಮೆಲ್ಲಕ ಬರೋ ತಂಗಾಳಿನ ತೆಂಬೆಲರು. ಗಂಧದ ಗಿಡ ಸವರಿಕೊಂಡು ಬರತೈತ್ರಿ ಅದು!”

ಬ್ಯಾಂಕಿನ ಕೆಲಸ ಮುಗಿಸಿ ಚಹಾಕ್ಕೆ ಬಂದಿದ್ದ ನಾನು ಸುಮ್ಮನಿರಲಾರದೆ, “ಚಿಕ್ಕಪ್ಪ, ನಡುವ ಆ ‘ಬ’ ಎಲ್ಲಿಂದ ಬಂತು?” ಎಂದೆ.

“ಗಾಳಿಗೆ ತೂರಿ ಬಂತು, ಸುಮ್ನಿರಲೇ!”

ಯಜಮಾನರು ತಲೆದೂಗಿ ಎದ್ದರು. “ನಮ್ ಮನಿ ಬಾಗಲಾ ಉತ್ತರಕ್ಕ ಐತ್ರಿ. ನಿಮ್ ಫ್ಯಾನು ನಮಗ ಆಗಂಗಿಲ್ಲ ಬಿಡ್ರಿ,” ಎಂದವರೇ ಎದುರಿನ ಅಂಗಡಿ ಹೊಕ್ಕರು!

ಚಿಕ್ಕಮ್ಮ ಒಂದು ಬೇಸಿಗೆ ಪೂರಾ ಸಹಿಸಿದಳು. “ಫ್ಯಾನ್ ತಗೊಳ್ಳಾಕ ಬಂದೋರಿಗೆ ಪಾಠ ಮಾಡಿ ಕಳಸ್ತೀರಿ. ನೀವು ಮಾಸ್ತರ ಆಗಬೇಕಿತ್ತು!” ಎಂದು ಗೊಣಗಿದಳು. ಮರು ಬೇಸಿಗೆ ಗೊಣಗಲಿಲ್ಲ. “ಆ ಬೋರ್ಡರ ಇರಬೇಕು, ಇಲ್ಲಾ ನಾನರ ಇರಬೇಕು,” ಎಂದುಬಿಟ್ಟಳು. ಮಧ್ಯಾಹ್ನದ ಊಟಕ್ಕೆ ಕೂತಿದ್ದ ಚಿಕ್ಕಪ್ಪ ಮುರಿದ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು. ಆಮೇಲೆ ತಾವೇ ಪೇಂಟರಿಗೆ ಫೋನ್ ಮಾಡಿ, “ನಾಳಿ ಬಾರಪಾ, ಹೆಸರು ಅಳಸೋದೈತಿ,” ಎಂದರು.

ಅವತ್ತು ಸಂಜೆ ಕರೆಂಟು ಹೋಯಿತು. ಅಂಗಡಿ ತುಂಬ ಫ್ಯಾನು, ಒಂದೂ ತಿರುಗದು! ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಚಿಕ್ಕಮ್ಮ ಬೆವರಿನಲ್ಲಿ ತೊಯ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಕಾನಹೊಸಹಳ್ಳಿ ಕಡೆ ಎಲ್ಲೋ ಮಳೆಯಾಗಿರಬೇಕು. ಆ ದಿಕ್ಕಿನಿಂದ, ತೆಂಕಣದಿಂದ, ಸಣ್ಣಗೆ ಗಾಳಿ ಬಂತು. ಬೇವಿನ ಎಲೆ ಅಲುಗಿದವು. ಚಿಕ್ಕಮ್ಮ ಕಣ್ಣು ಮುಚ್ಚಿದಳು. ಹಣೆಗಂಟಿದ ಕೂದಲು ಮೆಲ್ಲಗೆ ಬಿಡಿಸಿಕೊಂಡು ಎದ್ದವು. ಅಂಗಡಿ ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನನ್ನು ಕಣ್ಣು ತೆರೆಯದೆಯೇ ಕೇಳಿದಳು:

“ನೀವು ಹೇಳೋದು ಇದ ಏನ್ರಿ?”

ಊರಿಗೆಲ್ಲ ಅರ್ಥ ಹೇಳಿದ ಚಿಕ್ಕಪ್ಪ ಬರೀ “ಹೂಂ,” ಎಂದು ಅವಳ ಪಕ್ಕ ಕೂತರು.

“ನಾಳಿ ಪೇಂಟರ್ ಬರಾದು ಬ್ಯಾಡ ಬಿಡ್ರಿ,” ಎಂದಳು ಚಿಕ್ಕಮ್ಮ.