ಮೊಮ್ಮಗನ ನೆತ್ತಿ, ಮೆಡಿಕಲ್ಲಿನ ಬಾಟ್ಲಿ

ಮಂದಿ ನಗಾಕ ಟೀವಿ ಹಚ್ಚತಾರ. ನಮ್ಮ ಮನ್ಯಾಗ ಯಾರರ ಒಬ್ಬರು ಕನ್ನಡಿ ಮುಂದ ನಿಂತರ ಸಾಕು, ಏನರ ಒಂದು ಆಗೇ ಆಗತೈತಿ. ಈ ಒಂದೂವರಿ ವರ್ಷದಾಗ ಆದದ್ದೆಲ್ಲಾ ನಮ್ಮ ದೊಡ್ಡ ಮೊಮ್ಮಗನ ನೆತ್ತಿ ಸಲವಾಗಿ. ಅಂವಗ ಹಿಡಕಲ್ ಡ್ಯಾಮಿನ್ಯಾಗ ನೌಕರಿ. ಇಪ್ಪತ್ತೆಂಟು ತುಂಬೂದ್ರಾಗ ಕೂದಲಾ ಉದರಿ ನಡುನೆತ್ತಿ ಬೆಳ್ಳಗ ಕಾಣಾಕ ಹತ್ತಿತು. ಎಡಗಡೆ ಕೂದಲಾ ಬಲಗಡೆಗೆ ಎಳದು ಮುಚ್ಚತಿದ್ದ. ಖರೆ, ಡ್ಯಾಮಿನ ಮ್ಯಾಲಿನ ಗಾಳಿ ಯಾರ ಮಾತು ಕೇಳತೈತಿ?

ತಲಿನೋವಿನ ಗುಳಗಿ

ಕೂದಲಾ ಬರೂ ಔಷಧ ಡಾಕ್ಟರ ಚೀಟಿ ಇಲ್ಲದನ ಸಿಗತೈತಿ ಅಂತ ಯಾರೋ ಹೇಳಿದರು. ನಾವು ಮಮದಾಪುರದವರು, ಗೋಕಾಕದ ಅಂಗಡಿಯವರೆಲ್ಲಾ ಗುರ್ತಿನವರು. ಅದಕ್ಕ ಇಂವ ಐತಾರ ದಿನ ಮೂಡಲಗಿಗೆ ಹೋದ. ಅಲ್ಲಿ ಮೆಡಿಕಲ್ ಅಂಗಡಿ ಮುಂದ ನೋಡಿದರ ನಮ್ಮೂರ ಸಾಲಿ ಮಾಸ್ತರು, ತಲಿಗೆ ಟವೆಲ್ ಸುತಗೊಂಡು ನಿಂತಾರ. ಇಬ್ಬರೂ ಮಳಿ ಬೆಳಿ ಮಾತಾಡಿದರು. ಅವರು ಹೋಗಲಿ ಅಂತ ಇಂವ, ಇಂವ ಹೋಗಲಿ ಅಂತ ಅವರು, ಅರ್ಧಾ ತಾಸು ಹಂಗ ನಿಂತರು. ಕಡೀಕ ಇಬ್ಬರೂ ಒಂದೊಂದು ತಲಿನೋವಿನ ಗುಳಗಿ ತೊಗೊಂಡು ಒಂದ ಬಸ್ಸಿನ್ಯಾಗ ಹೊಳ್ಳಿ ಬಂದರು. ಮುಂದಿನ ಐತಾರ ಅದ ಅಂಗಡಿ ಮುಂದ ಮತ್ತ ಎದುರಾದರಂತ. ಮಾಸ್ತರು ಕೇಳಿದರಂತ, "ಏನಪಾ, ತಲಿನೋವು ಇನ್ನೂ ಹೋಗಿಲ್ಲೇನು?"

ನೀಲಿ ಮುಚ್ಚಳ

ಕಡೀಕೂ ಬಾಟ್ಲಿ ಮನಿಗೆ ಬಂತು. ನಾ ಸಾಲಿ ಕಟ್ಟಿ ಹತ್ತದಾಕಿ, ಔಷಧಾನ ಮುಚ್ಚಳದ ಬಣ್ಣದ ಮ್ಯಾಲ ಗುರ್ತು ಹಿಡಿಯಾಕಿ. ನನ್ನ ಮೊಣಕಾಲಿನ ಎಣ್ಣೀದೂ ನೀಲಿ ಮುಚ್ಚಳ, ಅವಂದೂ ನೀಲಿ ಮುಚ್ಚಳ. ಐದು ದಿನ ಎರಡೂ ಮೊಣಕಾಲಿಗೆ ತಿಕ್ಕಿ ತಿಕ್ಕಿ ಹಚಗೊಂಡ್ನಿ. ಆರನೇ ದಿನ ಅಂವ ಬಾಟ್ಲಿ ಬೆಳಕಿಗೆ ಹಿಡದು, ಔಷಧ ಇಷ್ಟು ಲಗೂನ ಹೆಂಗ ತಳಾ ಕಂಡಿತು ಅಂತ ಕೇಳಿದ. ನಾ ಖರೇನ ಹೇಳಿದ್ನಿ. ಅಂವ ನನ್ನ ಕಾಲು ನೋಡಿದ, ನನ್ನ ಮಾರಿ ನೋಡಿದ, ಅಳೂದೋ ನಗೂದೋ ತಿಳೀಲಿಲ್ಲ. ನಾನ ಸಮಾಧಾನ ಮಾಡಿದ್ನಿ. "ನೋವಂತೂ ಕಡಿಮಿ ಆಗೇತಪಾ. ಕೂದಲಾ ಬಂದರ ಬರಲಿ ಬಿಡು, ಮುಚ್ಚಾಕ ಸೀರಿ ಐತಿ."

ಕಸಾ ತಗಿಯೂದು

ದಿನಾ ಎರಡು ಹೊತ್ತು, ಒಣಾ ತಲಿಗೆ, ತಪ್ಪದ ಹಚ್ಚಬೇಕು, ಮೊದಲ ಒಂದಿಷ್ಟು ದಿನ ಕೂದಲಾ ಹೆಚ್ಚಿಗಿನ ಉದರತಾವು, ಅಂಜಬ್ಯಾಡ್ರಿ ಅಂತ ಅಂಗಡಿಯಂವ ಹೇಳಿದ್ದ. ಹಂಗ ಆತು. ಮುಂಜಾನೆದ್ದು ತಲಿದಿಂಬಿನ ಮ್ಯಾಲಿನ ಕೂದಲಾ ಆರಿಸಿಕೋತ ಕುಂಡ್ರತಿದ್ದ. ಹೊಲದಾಗ ಮೊದಲ ಕಸಾ ತಗದರನ ಪೀಕು ಬರತೈತಿ ಅಂತ ನಾ ಹೇಳಿದರ, "ಆಯಿ, ಕಸದ ಜೋಡಿ ಪೀಕೂ ಹೊಂಟೈತಿ" ಅಂದ.

ಆ ದಿನದಾಗ ಹುಡುಗ ಹಿರ್ಯಾರ ಕಾಲಿಗೆ ಬೀಳೂದ ಬಿಟ್ಟಿದ್ದ. ದೂರಿಂದ ಕೈ ಮುಗದು ಶರಣ್ರಿ ಅಂತಿದ್ದ, ಮುಗೀತು. ನೌಕರಿ ಹತ್ತಿದ ಮ್ಯಾಲ ಸೊಕ್ಕು ಬಂದೈತಿ ಅಂತ ಬೀಗರು ಬಿಜ್ಜರು ಆಡಿಕೊಂಡರು. ಎರಡು ಕಡೆ ಕನ್ಯಾ ನೋಡಾಕ ಬರೂದಿಲ್ಲಂದ. ನಾ ಬಾಜೂಕ ಕುಂದರಿಸಿಕೊಂಡು ಕೇಳಿದ್ನಿ. ನೆಲಾ ನೋಡಕೋತ ಅಂದ, "ಬಗ್ಗಿದರ ನೆತ್ತಿ ಕಾಣತೈತಿ ಆಯಿ." ಅವತ್ತ ನಾ ನಗಲಿಲ್ಲ. ಹೊತ್ತು ಮುಣಗೂತನಕ ಆ ನೆತ್ತಿ ಮ್ಯಾಲ ಕೈಯಾಡಿಸಿದ್ನಿ. ಆಮ್ಯಾಲ ಅಂವ ಮೆಲ್ಲಕ ಅಂದ, "ಸಾಕ ಬಿಡ ಆಯಿ, ಇದ್ದದ್ದೂ ಉದರತಾವು."

ಹುಕ್ಕೇರಿ ಕನ್ಯಾ

ಹುಕ್ಕೇರಿ ಹುಡುಗಿ ಫೋಟೋ ಬಂದಾಗ ಮಾತ್ರ ಇಲ್ಲನ್ನಲಿಲ್ಲ. ದವಾಖಾನ್ಯಾಗ ನರ್ಸ್ ಆಗಿದ್ದಾಕಿ. ಫೋಟೋ ನಾಕು ದಿನ ಅವನ ಅಂಗಿ ಕಿಸೇದಾಗ ಇತ್ತು. ಈ ಸಂಬಂಧ ತಪ್ಪಿದರ ಇಂವ ಮತ್ತೊಂದಕ್ಕ ಹೊಂಡೂದಿಲ್ಲ ಅನ್ನೂದು ನನಗ ತಿಳೀತು.

ಹೋದಿವಿ. ಹುಡುಗಿ ಅಜ್ಜ ಪಟಗಾ ಸುತ್ತಿ ಕುಂತಿದ್ದರು. ಎಲ್ಲಾರ ಕಣ್ಣೂ ಮೊಮ್ಮಗನ ಮ್ಯಾಲ. ಅಂವ ಒಂದು ಗಳಿಗಿ ನಿಂತ, ಆಮ್ಯಾಲ ಬಗ್ಗಿ ಅಜ್ಜನ ಕಾಲು ಮುಟ್ಟಿದ. ಅಜ್ಜ ಆಶೀರ್ವಾದ ಮಾಡಾಕ ನೆತ್ತಿ ಮ್ಯಾಲ ಅಂಗೈ ಇಟ್ಟು, ಕೈ ತಗದು ಮೂಸಿ ನೋಡಿ, ಇದೇನಪಾ ಹಸಿ ಐತಿ ಅಂತ ಕೇಳಿದರು. ಹೊಂಡೂ ಮುಂದ ಹಚಗೊಂಡ ಔಷಧ ಇನ್ನೂ ಆರಿದ್ದಿಲ್ಲ. ನನ್ನ ಸೊಸಿ ಗಡಬಡಿಸಿ, ಕೊಬ್ಬರಿ ಎಣ್ಣಿರಿ ಅಂದಳು.

ಮೊಮ್ಮಗ ಹುಡುಗಿ ಕಡೆ ನೋಡಿ ಅಂದ, "ಎಣ್ಣಿ ಅಲ್ರಿ. ಕೂದಲಾ ಉದರತಾವು, ಔಷಧ ಹಚ್ಚಾಕತ್ತೇನಿ."

ಅಜ್ಜ ಮೆಲ್ಲಕ ಪಟಗಾ ತಗದು ಫಳಫಳಾ ಹೊಳಿಯೂ ತಲಿ ತೋರಿಸಿ, ಇದಕ್ಕೂ ನಡೀತೈತೇನು ಅಂತ ಕೇಳಿದರು. ಹುಡುಗಿ ನಗಲಿಲ್ಲ. ದಿನಾ ಎರಡು ಹೊತ್ತೂ ಹಚ್ಚತೀರೇನ್ರಿ ಅಂತ ಮೊಮ್ಮಗನ್ನ ಕೇಳಿದಳು. ಎಂಟು ತಿಂಗಳಾತು, ಒಂದು ಹೊತ್ತೂ ತಪ್ಪಿಸಿಲ್ಲ ಅಂದ. ಆಕಿ ಒಳಗ ಎದ್ದು ಹೋದಳು.

ಮುಗೀತಪಾ ಅಂತ ನಾನೂ ಅಡಗಿ ಮನಿಗೆ ಹೋದ್ನಿ. ಚಾ ಸೋಸಾಕ ಹತ್ತಿದ್ದಳು. ಏನವಾ, ಹುಡುಗ ಮನಸಿಗೆ ಬರಲಿಲ್ಲೇನು ಅಂತ ಕೇಳಿದ್ನಿ.

ಸೋಸಣಗಿ ಜಾಡಿಸಿ ಅಂದಳು, "ಇಲ್ಲದ ಕೂದಲಾನ ಇಷ್ಟು ಜ್ವಾಪಾನ ಮಾಡಾಂವ, ಇರೂ ಹೆಂಡತೀನ ಬಿಡತಾನೇನ್ರಿ ಆಯಿ?"