ಸಾಹೇಬರ ಮೀಸೆಯ ಬಿಳಿ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಅನ್ನೋ ಗಾದೆ ನಮ್ಮ ಗುಮಾಸ್ತನಿಗೆ ಗೊತ್ತಿತ್ತು. ಇದ್ದ ಹಾಗೆ ಬರೆದರೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ, ಪಾಪ.

ಮೂರು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಅವನು ಸಾಹೇಬರ ಮುಖವನ್ನು ಪೇಸ್ಟಲ್ ಅನ್ನೋ ಪುಡಿಬಣ್ಣದ ಕಡ್ಡಿಗಳಲ್ಲಿ ಬರೆದಿದ್ದ. ಗಲ್ಲದ ಗುಳಿ, ಕಣ್ಣಡಿಯ ಚೀಲ, ಬಣ್ಣ ಹಚ್ಚಿದ ಮೀಸೆಯ ಬುಡದಲ್ಲಿ ಇಣುಕುವ ಬಿಳಿ, ಒಂದನ್ನೂ ಬಿಟ್ಟಿರಲಿಲ್ಲ. ಇವತ್ತು ಸಂಜೆ ಸಾಹೇಬರ ಹುಟ್ಟುಹಬ್ಬ. ಚಿತ್ರ ನೋಡಿ ಖುಷಿಯಾದರೆ ವರ್ಗಾವಣೆ ಕಾಗದಕ್ಕೆ ಸಹಿ ಬೀಳುತ್ತೆ, ಹೆಂಡತಿ ಮಗಳಿರುವ ಊರಿಗೆ ಹೋಗಬಹುದು. ಹೋದ ಸಲ ಹೋದಾಗ ಮಗಳು ಬಾಗಿಲು ತೆಗೆದು, "ಅಮ್ಮಾ, ಯಾರೋ ಮಾಮ ಬಂದಿದಾರೆ" ಅಂದಿದ್ದಳು.

"ಯಾರೂ ಮುಟ್ಬೇಡಿ. ಇದು ಒಣಗೋ ಬಣ್ಣ ಅಲ್ಲ, ಬರೀ ಪುಡಿ" ಅಂತ ಹೇಳಿ ಕಡತದ ಕೋಣೆಯಲ್ಲಿ ಬಟ್ಟೆ ಮುಚ್ಚಿಟ್ಟ. ಅಷ್ಟು ಹೇಳಿದ್ದೇ ತಪ್ಪಾಯಿತು. ಊಟದ ಹೊತ್ತಿಗೆ ಇಡೀ ಕಚೇರಿಗೆ ಆ ಕೋಣೆಯಲ್ಲೇ ಕೆಲಸ!

ನಾಲ್ಕು ಗಂಟೆಗೆ ಬಟ್ಟೆ ಸರಿಸಿದರೆ, ಚಿತ್ರದ ಮೀಸೆಯಿಂದ ಕಿವಿಯವರೆಗೆ ಬೂದಿ ಬಳಿದ ಹಾಗೆ ಒಂದು ಬೆರಳಿನ ಗೀರು.

"ಅಯ್ಯೋ ನನ್ನ ಕರ್ಮವೇ! ಯಾರ್ರೀ ಇದು? ತೋರ್ಸಿ ಕೈ!"

ಟೈಪಿಸ್ಟಮ್ಮ ಹತ್ತೂ ಬೆರಳು ಚಾಚಿದಳು. "ನಾನು ಬರೀ ನೋಡ್ದೆ ಕಣ್ರೀ. ಉಸಿರು ಕೂಡ ಬಿಡ್ಲಿಲ್ಲ."

ಕ್ಯಾಷಿಯರ್ ಕೈಯೂ ಸ್ವಚ್ಛ. "ಮುಟ್ಟೋದೇನು ಬಂತು, ಆ ಮುಖ ದಿನಾ ನೋಡೋದೇ ಸಾಕಾಗಿದೆ" ಅಂದ.

ಬೆರಳುಗಳೆಲ್ಲ ಮುಗಿದವು, ಕಳ್ಳ ಸಿಗಲಿಲ್ಲ. ಹಾಗಾದರೆ ಯಾರು?

ಅಷ್ಟರಲ್ಲಿ ಸಾಹೇಬರೇ ಬಂದರು. ಅವರ ಕಪ್ಪು ಮೀಸೆಯಿಂದ ಕಿವಿಯವರೆಗೆ ಅದೇ ಬೂದು ಗೀರು! ಚಿತ್ರದ ಬಿಳಿಯನ್ನು ಗುಟ್ಟಾಗಿ ಒರೆಸಲು ಹೋದ ಬೆರಳಿನಿಂದಲೇ ಮೀಸೆ ತೀಡಿ ಕೆನ್ನೆ ಕೆರೆದುಕೊಂಡಿದ್ದರು, ಪುಣ್ಯಾತ್ಮರು.

ಟೈಪಿಸ್ಟಮ್ಮ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಎಂಥಾ ಹೋಲಿಕೆ ಸಾರ್! ಕನ್ನಡಿ ನೋಡ್ದಂಗಿದೆ" ಅಂದಳು.

ಸಾಹೇಬರು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡರು. "ಇಲ್ಲೇನೋ ಕಲೆಯಾಗಿದೆಯಲ್ಲ? ಯಾರ ಕೆಲಸ ಇದು?"

ಗುಮಾಸ್ತ ಒಮ್ಮೆ ಅವರ ಮೀಸೆ ನೋಡಿದ, ಒಮ್ಮೆ ಅವರ ಕೈಯಲ್ಲಿದ್ದ ವರ್ಗಾವಣೆ ಕಾಗದ ನೋಡಿದ. "ನಂದೇ ಸಾರ್. ನನ್ನ ಕೈಯೇ ತಾಗಿಬಿಡ್ತು" ಅಂದ.

"ಒಪ್ಕೊಂಡ್ರಲ್ಲ, ದೊಡ್ಡ ಗುಣ!" ಸಾಹೇಬರು ನಿರಾಳವಾಗಿ ನಕ್ಕು ಕಾಗದ ಮಡಚಿ ಜೇಬಿಗೆ ಸೇರಿಸಿದರು. "ನಿಮ್ಮ ತಪ್ಪು, ನೀವೇ ತಿದ್ಬೇಕು. ಹೊಸದೊಂದು ಬರ್ಕೊಡಿ, ಆಮೇಲೆ ಹೋಗೋರಂತೆ. ಅವಸರ ಏನಿಲ್ಲ, ಇನ್ನೂ ಮೂರು ತಿಂಗಳಾದ್ರೂ ಆಗ್ಲಿ. ಮೀಸೆ ಮಾತ್ರ ಕಪ್ಪಗಿರ್ಲಿ."

ಅಂದರೆ ಇನ್ನು ಮೂರು ತಿಂಗಳು ಮಗಳಿಗೆ ಅವನು ಮಾಮನೇ.