ಹಿಂಬಾಗಿಲ ಲೋಟ

ಶಿವಮೊಗ್ಗದ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದ ಸುದರ್ಶನನಿಗೆ ಅಂದು ಬೆಳಿಗ್ಗೆ ಏಳುತ್ತಲೇ ಹೊಳೆದದ್ದು, ತನಗೆ ಈವರೆಗೆ ಯಾರೂ ಅನ್ಯಾಯವನ್ನೇ ಮಾಡಿಲ್ಲ ಎಂಬ ಸಂಗತಿ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈಮುಗಿದು ಮತ್ತೆ ಮುಸುಕೆಳೆಯುತ್ತಿದ್ದರು. ಇವನು ಗಾಬರಿಯಾಗಿ ಎದ್ದು ಕೂತ. ಹನ್ನೊಂದು ಗಂಟೆಗೆ ಕಾಲೇಜಿನಲ್ಲಿ ‘ನಾನು ಮತ್ತು ನ್ಯಾಯ’ ಎಂಬ ಪ್ರದರ್ಶನವಿತ್ತು. ತಮ್ಮ ಬದುಕಿನಲ್ಲಿ ಕಂಡ ಒಂದು ಅನ್ಯಾಯವನ್ನು ಪ್ರತಿಯೊಬ್ಬರೂ ಕಲೆಯಾಗಿಸಬೇಕೆಂದು ಸುಮನಾ ಮೇಡಂ ತಿಂಗಳ ಹಿಂದೆಯೇ ಹೇಳಿದ್ದರು.

ಉಳಿದವರೆಲ್ಲ ತಯಾರಾಗಿದ್ದರು. ಭದ್ರಾವತಿಯ ಪರಶುರಾಮ, ಕೆಲಸ ಹೋದ ದಿನ ಅಪ್ಪ ಬಿಚ್ಚಿಟ್ಟ ಬೂಟನ್ನೇ ತಂದಿದ್ದ. ಸುಪ್ರಿಯಾ ತನ್ನ ಬಣ್ಣ ತಿಳಿಯಾಗಲಿ ಎಂದು ನೆಂಟರು ಕೊಟ್ಟ ಕ್ರೀಮಿನ ಡಬ್ಬಿಗಳನ್ನೆಲ್ಲ ಅಂಟಿಸಿ ತನ್ನ ಮುಖವನ್ನೇ ಮಾಡಿದ್ದಳು. ವಿದ್ಯಾನಗರದ ನಿವೃತ್ತ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಯವರ ಒಬ್ಬನೇ ಮಗ ಸುದರ್ಶನ ಮಾತ್ರ, ಅಪ್ಪ ಐದು ಗಂಟೆಗೆ ಎಬ್ಬಿಸುವ ಅನ್ಯಾಯವನ್ನು ನೆನೆದು ಒಂದು ಅಲಾರಂ ಗಡಿಯಾರ ಬರೆದಿದ್ದ. ಮೇಡಂ ಅದನ್ನು ನೋಡಿ ವಾಪಸು ಕೊಟ್ಟಿದ್ದರು.

ಹಲ್ಲುಜ್ಜಲು ಹಿತ್ತಿಲಿಗೆ ಹೋದಾಗ ಕಿಟಕಿಕಟ್ಟೆಯ ಮೇಲೆ ಬೋರಲು ಹಾಕಿದ್ದ ಲೋಟ ಕಂಡಿತು. ಅದು ಮನೆಕೆಲಸದ ಹಾಲಮ್ಮನ ಲೋಟ. ಅಮ್ಮ ವಿಮಲಾ ಅದಕ್ಕೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು, ಹಾಲಮ್ಮ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದಳು. ಲೋಟ ಎಂದೂ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಬುದ್ಧಿ ತಿಳಿದಾಗಿನಿಂದ ದಿನಾ ನೋಡಿದ್ದರೂ ಅವನಿಗೆ ಅದು ಕಂಡದ್ದು ಅವತ್ತೇ ಮೊದಲು. ಅನ್ಯಾಯ ಸಿಕ್ಕಿತು ಎಂದು ಕುಣಿಯುವಷ್ಟು ಖುಷಿಯಾಯಿತು, ಹಾಗೆ ಖುಷಿಯಾದದ್ದಕ್ಕೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಾಚಿಕೆಯೂ ಆಯಿತು. ಲೋಟವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟ.

ಕಾಲೇಜಿನಲ್ಲಿ ಬಿಳಿ ಹಲಗೆಯ ನಡುವೆ ಲೋಟ ಇಟ್ಟು ಕಾರ್ಡು ಬರೆಯಲು ಕೂತಾಗ ಕೈ ತಡೆಯಿತು. ಇದು ಅನುಭವಿಸಿದ ಅನ್ಯಾಯವಲ್ಲ, ಮಾಡಿದ್ದು. ನಮ್ಮ ಮನೆಯದು ಎಂದು ಬರೆದರೆ ಪರಶುರಾಮನ ಮುಖ ನೋಡುವುದು ಹೇಗೆ? ಐದು ನಿಮಿಷ ಪೆನ್ನು ಕಚ್ಚಿ, ಕೊನೆಗೆ ‘ಪ್ರತ್ಯೇಕ ಲೋಟ. ಭದ್ರಾವತಿಯ ಒಂದು ಮನೆಯಲ್ಲಿ ಸಿಕ್ಕಿದ್ದು’ ಎಂದು ಬರೆದ. ಹದಿನೆಂಟು ಕಿಲೋಮೀಟರು ದೂರವೆಂದರೆ ನಾಚಿಕೆಗೆ ಅಷ್ಟು ಸಾಕು ಅನ್ನಿಸಿತ್ತು.

ಲೋಟದ ಮುಂದೆ ಜನ ಜಮಾಯಿಸಿದರು. ಸುಮನಾ ಮೇಡಂ ಕಣ್ಣೊರೆಸಿಕೊಂಡರು. ಪರಶುರಾಮ ಕಾರ್ಡನ್ನು ಎರಡು ಸಲ ಓದಿದ.

"ಯಾವ ಮನೆ ಮಾರಾಯ? ನಮ್ಮ ಬೀದೀಲಿ ತಮಿಳ್ರು, ತೆಲುಗ್ರು, ಎಲ್ಲಾರೂ ಒಂದೇ ಲೋಟದಲ್ಲಿ ಕುಡ್ದು ಬೆಳ್ದಿದೀವಿ. ನನಗೆ ಆ ಮನೆ ತೋರ್ಸು."

ಹಳೇನಗರದ ಕಡೆ ಎಂದು ಸುದರ್ಶನ ಬಾಯಿಗೆ ಬಂದದ್ದು ಹೇಳಿದ. ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅತಿಥಿಯಾಗಿ ಬಂದಿದ್ದ ಗೋಪಾಳದ ಶಕುಂತಲಮ್ಮ, ಸರ್ವಿಸಿನ ಉದ್ದಕ್ಕೂ ಊರಿನ ಜಗಳಗಳನ್ನೆಲ್ಲ ಮೈಮೇಲೆ ಎಳೆದುಕೊಂಡಿದ್ದ ನಿವೃತ್ತ ಹೆಡ್‌ಮಿಸ್. ಬರೀ ಪ್ರದರ್ಶನಕ್ಕಿಟ್ಟು ಚಪ್ಪಾಳೆ ತಟ್ಟಿದರೆ ಏನು ಬಂತು, ಹೋಗಿ ಆ ಮನೆಯವರ ಹತ್ತಿರ ಮಾತಾಡಬೇಡವೇ, ತಮ್ಮ ಕಾರು ಹೊರಗೇ ಇದೆ ಎಂದರು. ಸುದರ್ಶನ ತಲೆನೋವೆಂದ. ಮೇಡಂ ಮಾತ್ರೆ ಕೊಟ್ಟರು. ಪರಶುರಾಮ ಲೋಟವನ್ನು ಅವನ ಕೈಗಿಟ್ಟು, ತಾನೂ ಕಾರು ಹತ್ತಿದ.

ದಾರಿಯಲ್ಲಿ ಅಮ್ಮನ ಫೋನು ಮೂರು ಸಲ ಬಂತು. ಹಾಲಮ್ಮನ ಲೋಟ ಕಾಣುತ್ತಿಲ್ಲ, ಪಾಪ, ಕಾಫಿ ಇಲ್ಲದೆ ಕೆಲಸ ಮಾಡಿ ಹೋದಳು, ನೀನೇನಾದರೂ ನೋಡಿದೆಯಾ ಎಂದು ವಿಚಾರಣೆ. ಮಡಿಲಲ್ಲಿದ್ದ ಲೋಟವನ್ನು ಬಿಗಿಯಾಗಿ ಹಿಡಿದುಕೊಂಡು ಅವನು ಇಲ್ಲವೆಂದ. ಮನೆ ತುಂಬ ಲೋಟಗಳಿದ್ದೂ ಹಾಲಮ್ಮ ಕಾಫಿ ಇಲ್ಲದೆ ಹೋದದ್ದು ಅವನಿಗೆ ಚುಚ್ಚಿತು.

ಹಳೇನಗರದಲ್ಲಿ ಮೂರು ಬೀದಿ ಸುತ್ತಿಸಿ, ಬೀಗ ಹಾಕಿದ್ದ ಒಂದು ಮನೆ ಕಂಡದ್ದೇ ಇದೇ ಎಂದುಬಿಟ್ಟ. ಬೀಗದ ಹತ್ತಿರ ಯಾರು ತಾನೇ ಮಾತಾಡುತ್ತಾರೆ ಎಂಬ ಧೈರ್ಯ. ಅಷ್ಟರಲ್ಲಿ ಪಕ್ಕದ ಮನೆಯಿಂದ ಮಾಸ್ತಮ್ಮ ಎಂಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದಳು. ಅದು ಅವಳ ತಮ್ಮನ ಮನೆ. ಬಂದ ಕಾರಣ ಕೇಳಿ ಅವಳ ಮುಖ ಕೆಂಪಾಯಿತು. ಅಕ್ಕಪಕ್ಕದವರೂ ಸೇರಿದರು. ತನ್ನ ನಾದಿನಿ ಬೀದಿಯವರಿಗೆಲ್ಲ ತಾನು ಕುಡಿಯುವ ಲೋಟದಲ್ಲೇ ಟೀ ಕೊಡುವವಳು, ಅಂಥವಳ ಮೇಲೆ ಅಪವಾದ ಹೊರಿಸಿದವರು ಯಾರು ಎಂದು ಕೇಳಿದಳು. ಎಲ್ಲರೂ ಸುದರ್ಶನನ ಕಡೆ ನೋಡಿದರು.

"ಆ ಲೋಟ ಕೊಡಪ್ಪ ಇಲ್ಲಿ. ಸ್ಟೀಲ್ ಪಾತ್ರೆ ಅಂದ್ಮೇಲೆ ಹೆಸ್ರು ಕೊರ್ಸಿರ್ತಾರಲ್ಲ, ಯಾರ ಮನೇದು ಅಂತ ಅದೇ ಹೇಳುತ್ತೆ," ಎಂದಳು ಮಾಸ್ತಮ್ಮ.

ಮದುವೆಮನೆಯಲ್ಲಿ ಕಲೆಸಿಹೋದ ಪಾತ್ರೆಗಳು ಅವರವರ ಮನೆ ಸೇರುವುದೇ ಹಾಗೆ. ಊರಿಗೆಲ್ಲ ಗೊತ್ತಿದ್ದ ಈ ಮಾತು, ಲೋಟವನ್ನು ಬರೀ ಕಲಾಕೃತಿಯಾಗಿ ನೋಡುತ್ತಿದ್ದ ಸುದರ್ಶನನಿಗೆ ಹೊಳೆದೇ ಇರಲಿಲ್ಲ. ಪರಶುರಾಮ ಲೋಟ ಇಸಿದುಕೊಂಡು, ಕಂಠದ ಕೆಳಗೆ ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು ಓದಿದ. "ಚಿರಂಜೀವಿ ಸುದರ್ಶನನ ನಾಮಕರಣ. ನರಸಿಂಹಮೂರ್ತಿ, ವಿದ್ಯಾನಗರ, ಶಿವಮೊಗ್ಗ."

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಸ್ತಮ್ಮ ಇವನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ, ಎಲ್ಲರಿಗೂ ಒಂದೇ ಥರದ ಲೋಟಗಳಲ್ಲಿ ಟೀ ತಂದಳು. ಅವನಿಗೂ ಕೊಟ್ಟಳು. ಸುದರ್ಶನ ಅವಳಿಗೆ ಕೈಮುಗಿದು ತಪ್ಪಾಯಿತೆಂದ. ಪರಶುರಾಮ ತಾನು ಇಲ್ಲೇ ಮನೆಗೆ ಹೋಗುತ್ತೇನೆಂದು ಲೋಟವನ್ನು ಇವನ ಕೈಗಿಟ್ಟು, ತಿರುಗಿ ನೋಡದೆ ನಡೆದ.

ವಾಪಸು ಬರುವಾಗ ಶಕುಂತಲಮ್ಮ ಹೇಳಿದ್ದು ಒಂದೇ ಮಾತು. "ತಪ್ಪು ಮಾಡಿದ ಮನೆಯವನು ಅಂತ ಹೇಳ್ಕೊಳ್ಳೋದಕ್ಕೂ ಧೈರ್ಯ ಬೇಕು ಕಣಪ್ಪ. ಅದನ್ನ ಇನ್ನೊಂದು ಊರಿನ ಮೇಲೆ ಹಾಕ್ಬೇಡ."

ಸಂಜೆ ಸುದರ್ಶನ ಮನೆ ಹೊಕ್ಕದ್ದು ಗಟ್ಟಿ ನಿರ್ಧಾರದೊಂದಿಗೆ. ಇವತ್ತಿನಿಂದ ಹಾಲಮ್ಮನಿಗೆ ಒಳಗಿನ ಲೋಟದಲ್ಲೇ ಕಾಫಿ ಕೊಡಬೇಕು ಎಂದ. ವಿಮಲಾ ಮಗನನ್ನು ಕನಿಕರದಿಂದ ನೋಡಿದಳು.

"ನಿನಗಿಂತ ಹೊಟ್ಟೆ ಉರಿದಿದ್ದು ನನಗೆ ಕಣೋ. ಮಧ್ಯಾಹ್ನ ನಾನೇ ಗಾಂಧಿಬಜಾರಿಗೆ ಹೋಗಿ ಅವಳಿಗೆ ಹೊಸಾ ಲೋಟ ತಂದಿದೀನಿ. ಇನ್ಯಾರೂ ತಗೊಂಡು ಹೋಗ್ಬಾರ್ದು ಅಂತ ಹೆಸ್ರನ್ನೂ ಕೊರ್ಸಿದೀನಿ."

ಹಿತ್ತಿಲ ಮೆಟ್ಟಿಲ ಮೇಲೆ, ಸಂಜೆಯ ಕೆಲಸಕ್ಕೆ ಬಂದಿದ್ದ ಹಾಲಮ್ಮ ಫಳಫಳ ಹೊಳೆಯುವ ಲೋಟ ಹಿಡಿದು ಕೂತಿದ್ದಳು. ‘ಹಾಲಮ್ಮ’ ಎಂಬ ಅಕ್ಷರ ಅಡುಗೆಮನೆಯಿಂದಲೇ ಕಾಣುವಷ್ಟು ದೊಡ್ಡದಿತ್ತು. ಸುದರ್ಶನನಿಗೆ ಅಳು ಬರುವುದೊಂದು ಬಾಕಿ. ಹಾಗಾದರೆ ಇವತ್ತಿನಿಂದ ತಾನು ಈ ಹಳೇ ಲೋಟದಲ್ಲೇ ಕುಡಿಯುವುದಾಗಿ ಹಟ ಹಿಡಿದು ಲೋಟ ಮುಂದೆ ಚಾಚಿದ.

"ಕುಡಿ, ಬೇಡ ಅಂದೋರ್ಯಾರು," ಎಂದಳು ವಿಮಲಾ. "ಆದ್ರೆ ಇಪ್ಪತ್ತು ವರ್ಷ ಹೊರಗಿದ್ದ ಲೋಟ ಅದು, ಒಳಗೆ ತರ್ಬೇಡ. ಅಲ್ಲೇ ಕೂತ್ಕೋ." ಕಾಫಿ ಮೇಲಿನಿಂದ ಬಿತ್ತು. ಹನಿ ಅವನ ಕೈಗೆ ಸಿಡಿಯಿತು.

ಅವನು ಹಾಲಮ್ಮನ ಪಕ್ಕ ಕೂತು, ತಲೆ ತಗ್ಗಿಸಿ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆ ಕಾರ್ಡಲ್ಲಿ ನನ್ ಹೆಸ್ರು ಬರ್ದಿದ್ಯಾ?"

ಬರೆದಿಲ್ಲವೆಂದ. ಹಾಲಮ್ಮ ಹೂಂ ಎಂದು ಕಾಫಿ ಮುಗಿಸಿದಳು. ಸುದರ್ಶನನೂ ಮುಗಿಸಿ, ಲೋಟವನ್ನು ಮೆಟ್ಟಿಲ ಮೇಲೆ ಬಿಟ್ಟು ಎದ್ದ.

"ಸುದರ್ಶನಪ್ಪ," ಎಂದಳು ಹಾಲಮ್ಮ, ತನ್ನ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತ. "ಇಲ್ಲಿ ಕುಡ್ದೋರು ಅವ್ರ ಲೋಟ ಅವ್ರೇ ತೊಳೀಬೇಕು. ನಿಮ್ಮಮ್ಮ ಮಾಡಿರೋ ರೂಲ್ಸು."